ಎರಡು ಬೇಸಿಗೆ ಕಂಡ ಮ್ಯಾಂಡೊಲಿನ್

ನಿನ್ನೆ ಮೊಮ್ಮಗಳು ಬೆರಳ ತುದಿಯನ್ನು ನನ್ನ ಮೂಗಿಗೆ ಹಿಡಿದು, "ಅಜ್ಜಿ, ತುಕ್ಕಿನ ವಾಸನೆ ನೋಡು" ಎಂದಳು. ಅವಳು ಕಲಿಯುತ್ತಿರುವ ಮ್ಯಾಂಡೊಲಿನ್‌ನ ತಂತಿಯ ವಾಸನೆ. ಮುಳಬಾಗಿಲಿನ ವಾದ್ಯದಂಗಡಿಯ ಚಾಚಾ ನೆನಪಾದರು...

ಎರಡನೇ ಮಹಾಯುದ್ಧದ ಕಾಲ. ನಮ್ಮೂರು ಗೌನಿಪಲ್ಲಿಯಲ್ಲಿ ಆ ವರ್ಷ ನಮ್ಮ ಮಾವು ಚೆನ್ನಾಗಿ ಬಂದು, ನನಗೊಂದು ಮ್ಯಾಂಡೊಲಿನ್ ಕೊಡಿಸಲು ಅಪ್ಪ ಹೇಗೋ ಒಪ್ಪಿದ್ದರು. ಆದರೆ ಯುಗಾದಿಯೊಳಗೆ ನಾನು ಒಂದು ಹಾಡು ನೆಟ್ಟಗೆ ನುಡಿಸಬೇಕು, ಇಲ್ಲವಾದರೆ ವಾದ್ಯ ಮಾರಿಬಿಡುವುದು. ಅಪ್ಪ ಆಡಿದ ಮಾತು ತಪ್ಪುವವರಲ್ಲ.

ಅಂಗಡಿಯಲ್ಲಿ ಮದರಾಸಿನಿಂದ ಆಗಷ್ಟೇ ಬಂದ, ಹೊಳೆಯುವ ಕಪ್ಪೆಚಿಪ್ಪಿನ ಹೂ ಕೂರಿಸಿದ ಒಂದು ಮ್ಯಾಂಡೊಲಿನ್ ಇತ್ತು. ನನಗೆ ಅದೇ ಬೇಕಿತ್ತು. ಚಾಚಾ ಕೊಡಲೊಲ್ಲರು. ಹೊರಗಿನಿಂದ ಬಂದ ಯಾವ ವಾದ್ಯವನ್ನೂ ಒಂದು ಬೇಸಿಗೆ ತಮ್ಮ ಅಟ್ಟದಲ್ಲಿ ತೂಗುಹಾಕದೆ ಅವರು ಮಾರುತ್ತಿರಲಿಲ್ಲ. ಕಡಲ ತೇವ ಕುಡಿದ ಮರ ನಮ್ಮ ಒಣ ಬಿಸಿಲಿಗೆ ಬಾಗುತ್ತದಂತೆ.

"ಇದರ ಕತ್ತು ಇನ್ನೂ ನಂಬೋ ಹಂಗಿಲ್ಲ ಬೇಟಿ" ಎನ್ನುತ್ತ, ಬಣ್ಣ ಹೋದ ಇನ್ನೊಂದನ್ನು ಅಟ್ಟದಿಂದ ಇಳಿಸಿದರು. ಅದರ ಬೆಲೆ ಅರ್ಧವೂ ಇರಲಿಲ್ಲ. "ಇದು ಎರಡು ಬೇಸಿಗೆ ನೋಡೈತೆ."

"ನೋಡೋಕೆ ಚೆನ್ನಾಗಿಲ್ಲ" ಎಂದೆ. ಅಳುವೇ ಬಂದಿತ್ತು.

"ಗೋಡೆಗ್ ತಗೊಂತೀಯೋ, ಕೈಗೋ?"

ಆಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಮರದ ಕುದುರೆಯನ್ನು ಅರದಿಂದ ಉಜ್ಜಿ ಉಜ್ಜಿ ತಗ್ಗಿಸಿದರು. ತಂತಿ ಎತ್ತರವಿದ್ದರೆ ಬೆರಳು ನೊಂದು ಹೊಸಬರು ವಾರದಲ್ಲೇ ಕೈಬಿಡುತ್ತಾರಂತೆ. "ಹಾಡು ಬಂದ್ ದಿನ ಬಂದು ಕೇಳಿಸ್ಬೇಕು, ಆಯ್ತಾ?" ಎಂದರು. ಮುನಿಸಿನಲ್ಲೇ ತಲೆಯಾಡಿಸಿದೆ.

ಗ್ರಾಮಫೋನ್ ಪ್ಲೇಟು ಕೇಳುತ್ತ ತಡಕಾಡಿದೆ. ಯುಗಾದಿಗೆ ಮೊದಲೇ ಹಾಡು ಬಂತು. ಅಪ್ಪ ಹೊಗಳಲಿಲ್ಲ, ಇನ್ನೊಂದು ಸಲ ನುಡಿಸು ಎಂದರು. ನನಗೆ ಅಷ್ಟೇ ಸಾಕಾಗಿತ್ತು. ಚಾಚಾ ಮುಂದೆ ಮಾತ್ರ ಚೂರೂ ತಪ್ಪಬಾರದೆಂಬ ಜಂಬ ನನಗೆ. ಇನ್ನಷ್ಟು ಪಳಗಲಿ ಎಂದು ದಿನ ದೂಡಿದೆ...

ಹೋದಾಗ ಅಂಗಡಿ ಮುಚ್ಚಿತ್ತು. ಚಾಚಾ ತೀರಿಕೊಂಡು ತಿಂಗಳಾಗಿತ್ತು.

ಅಂಗಡಿಯ ಹಿಂದಿನ ಮನೆಯಲ್ಲಿ ಅವರ ಹೆಂಡತಿ ನನ್ನನ್ನು ಕೂರಿಸಿ, ನುಡಿಸು ಎಂದರು. ಅಳುತ್ತಲೇ ನುಡಿಸಿದೆ. ನಡುವೆ ಕೈ ಎತ್ತಿ ತಡೆದರು. "ಎರಡನೇ ಜೋಡಿ ತಂತೀಲಿ ಒಂದು ಇಳಿದೈತೆ. ಏರ್ಸು." ಗಂಡ ಶ್ರುತಿ ಕೂಡಿಸುವುದನ್ನು ವರ್ಷಗಟ್ಟಲೆ ಕೇಳಿದ ಕಿವಿ. ಅಲ್ಲಿಂದಾಚೆಗೆ ಮುಳಬಾಗಿಲಿಗೆ ಹೋದಾಗಲೆಲ್ಲ ಅವರೆದುರು ಕೂತು ಕಲಿತೆ. ಅವರು ಒಮ್ಮೆಯೂ ವಾದ್ಯ ಮುಟ್ಟಲಿಲ್ಲ.

ಇಬ್ಬರೂ ಈಗಿಲ್ಲ. ಚಾಚಾಗೆ ಕೇಳಿಸಲಿಲ್ಲವೆಂಬ ನೋವು ಇಂದಿಗೂ ಇದೆ. ನಿನ್ನೆ ನುಡಿಸು ಎಂದಾಗ ಮೊಮ್ಮಗಳು, "ಪೂರ್ತಿ ಬರ್ಲಿ ಅಜ್ಜಿ, ಆಮೇಲೆ ಕೇಳಿಸ್ತೀನಿ" ಎಂದಳು. ಬೇಡ, ಎಷ್ಟು ಬರುತ್ತದೋ ಅಷ್ಟನ್ನೇ ಈಗ ನುಡಿಸು ಎಂದೆ. ಅರ್ಧ ಸಾಲು ನುಡಿಸಿದಳು. ಕಣ್ಣು ಮುಚ್ಚಿ ಕೇಳಿದೆ.