ಬ್ರೂಸನ ಹೆಸರಿನ ಜ್ವರ

ತುಕ್ಕಾನಟ್ಟಿಯ ಬೀರಸಿದ್ದಪ್ಪನ ಬಲಗೈ ಸುತ್ತಮುತ್ತಲಿನ ಕುರಿಗಾರರಿಗೆಲ್ಲ ಗೊತ್ತು. ಹೊಟ್ಟೆಯಲ್ಲಿ ಅಡ್ಡಬಿದ್ದ ಮರಿಯನ್ನು ಒಳಗೆ ಕೈ ಹಾಕಿ ತಿರುಗಿಸಿ, ಕುರಿಗೂ ಮರಿಗೂ ನೋವಾಗದಂತೆ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಉಣ್ಣುವಾಗ ಎಬ್ಬಿಸಿಕೊಂಡು ಹೋದರೂ ಬೈದವನಲ್ಲ. ಉಳಿದದ್ದಕ್ಕೆಲ್ಲ ಬೈಯುತ್ತಿದ್ದ, ಅದು ಬೇರೆ ಮಾತು.

ಅಂಥವನಿಗೆ ಜ್ವರ ಬಂತು. ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬರುವ ಜ್ವರ. ಸಂಜೆಯಾದರೆ ಅಂಗಿ ಹಿಂಡುವಷ್ಟು ಬೆವರು. ಸೊಂಟ ಹಿಡಿದುಕೊಂಡಿತು, ಕುರಿಯ ಹಿಂದೆ ನಡೆಯುವವನು ಗೋಡೆ ಹಿಡಿದು ನಡೆದ. ಟೈಫಾಯ್ಡ್ ಅಂದರು, ಮಲೇರಿಯಾ ಅಂದರು. ಹೆಂಡತಿ ದುಂಡವ್ವ ಹರಕೆಯನ್ನೂ ಹೊತ್ತಳು, ಗುಳಿಗೆಯನ್ನೂ ನುಂಗಿಸಿದಳು. ಕಡೆಗೆ ಗೋಕಾಕದಲ್ಲಿ ಒಬ್ಬ ಡಾಕ್ಟರು ಅವನ ಮೈಗಿಂತ ಮೊದಲು ಕುರಿಗಳನ್ನು ವಿಚಾರಿಸಿದರು.

"ಈ ವರ್ಷ ಕುರಿ ಕಂದು ಹಾಕ್ಯಾವೇನ್ರಿ?"

"ಹಾಕ್ಯಾವ್ರಿ ಸಾಹೇಬ್ರ. ತಿಂಗಳಾ ತುಂಬದ ಮರಿ. ನಾನ ಎಳದ ತಗದೇನಿ."

"ಬರಿಗೈಲೆ?"

ಬೀರಸಿದ್ದಪ್ಪ ತನ್ನ ಕೈ ನೋಡಿಕೊಂಡ. ಕೈ ಬರಿಯದಾಗಿರದೆ ಮತ್ತೇನಾಗಿರುತ್ತದೆ?

ರಕ್ತ ಪರೀಕ್ಷೆಯಲ್ಲಿ ರೋಗಾಣುವಿನ ಹೆಸರು ಬಂತು: ಬ್ರೂಸೆಲ್ಲಾ. ಯಾರೋ ಹೆಣ್ಣುಮಗಳ ಹೆಸರಿದ್ದಂಗಿದೆ ಅನ್ನಿಸಿ ಅವನು ಅರ್ಥ ಕೇಳಿದ.

"ಬ್ರೂಸ್ ಅಂತ ಒಬ್ಬ ಡಾಕ್ಟರ್ ಇದ್ದ. ಮಾಲ್ಟಾ ಅನ್ನೂ ನಡುಗಡ್ಡ್ಯಾಗ ಸಿಪಾಯಿಗೋಳು ಇದ ಜ್ವರಾ ಬಂದು ಸಾಯ್ತಿದ್ರು. ಸತ್ತವರ ಮೈಯಾಗಿಂದ ಈ ಹುಳಾ ಹುಡುಕಿ ತಗದ. ಮುಂದ ಅವನ ಹೆಸರ ಇದಕ್ಕ ಇಟ್ರು. ಕುರಿ ಕಂದು ಹಾಕೂದೂ ಇದರಿಂದನ, ನಿಮಗ ಬಂದದ್ದೂ ಆ ಕುರಿಗಳಿಂದನ."

"ನಾವು ಹೆಸರಿಡೂದು ಹುಟ್ಟಿದ ಕೂಸಿಗಿ," ಅಂದ ಬೀರಸಿದ್ದಪ್ಪ. "ಇವ್ರು ಹುಟ್ಟಾಕ ಬಿಡಲಾರದ್ದಕ್ಕ ಇಟ್ಟಾರಲ್ರಿ!"

ಡಾಕ್ಟರು ನಕ್ಕರು, ಆಮೇಲೆ ನಗಲಿಲ್ಲ. "ಗುಳಿಗಿ ಬಿಡಬ್ಯಾಡ್ರಿ. ಇನ್ನ ಕುರಿಗಿ ಬರಿಗೈ ಹಾಕಬ್ಯಾಡ್ರಿ."

ಹುಕ್ಕೇರಿ ಸಂತೆಗೆ ಹೋದಾಗ ಅಲ್ಲಿಯ ದನದ ಡಾಕ್ಟರ ಕಡೆಯಿಂದ ಉದ್ದನೆಯ ಗ್ಲೌಸು ನಾಲ್ಕಾರು ತಂದ. ಹಾಕಿಕೊಂಡರೆ ಕೈಯ ಕಣ್ಣು ಕಟ್ಟಿದಂತೆ. ಕಾಲು ಯಾವುದು, ಕುತ್ತಿಗೆ ಯಾವುದು, ತಿಳಿಯದು. ಆದರೂ ಹಾಕಿಕೊಂಡ. ಒಂದೊಂದೇ ಹರಿದು ಮುಗಿದವು. ಹಿಂಡಿನಲ್ಲಿ ಯಾವ ಕುರಿಗೆ ರೋಗವಿದೆ, ಯಾವುದಕ್ಕಿಲ್ಲ ಎಂದು ಹಣೆಯ ಮೇಲೆ ಬರೆದಿರುವುದಿಲ್ಲ.

ಕೊಣ್ಣೂರಿನ ಕಬ್ಬು ಕಡಿದ ಹೊಲದಲ್ಲಿ ಹಿಂಡು ತರುಬಿ ನಿಲ್ಲಿಸಿದ್ದಾಗ ಬೆಳಿಗ್ಗೆ ಒಂದು ಕರಿ ಕುರಿ ನೋವು ತಿನ್ನತೊಡಗಿತು. ದನದ ಡಾಕ್ಟರಿಗೆ ಫೋನ್ ಮಾಡಿದರೆ ಬರಲು ಮಧ್ಯಾಹ್ನವಾಗುತ್ತದೆ ಅಂದರು. ಮರಿಯ ಒಂದೇ ಕಾಲು ಹೊರಗೆ ಬಂದಿತ್ತು. ಬೀರಸಿದ್ದಪ್ಪ ಎರಡೂ ಕೈ ಕಂಕುಳಲ್ಲಿ ಒತ್ತಿಕೊಂಡು ನಿಂತ. ಕುರಿ ಅವನನ್ನೇ ನೋಡಿ ಅರಚಿತು. ಬ್ರೂಸ್ ಯಾರೆಂದು ಪಾಪ ಅದಕ್ಕೇನು ಗೊತ್ತು.

ಜೊತೆಗಿದ್ದ ದುಂಡವ್ವ ಬಳೆ ಹಿಂದೆ ಸರಿಸಿ ಕುರಿಯ ಹಿಂದೆ ಕುಳಿತಳು.

"ಏ, ಬ್ಯಾಡಾ! ಡಾಕ್ಟರ್ ಹೇಳಿದ್ದು ನೆನಪಿಲ್ಲೇನ ನಿನಗ?"

"ನಿಮಗ ಹೇಳ್ಯಾರ. ನನಗ ಹೇಳಿಲ್ಲ."

ಅವಳ ತೋಳು ಹಿಡಿದು ಎಳೆಯಲು ಹೋದ, ಸೊಂಟ ಬಾಗಲಿಲ್ಲ. ಅಷ್ಟರಲ್ಲಿ ಅವಳ ಮಣಿಕಟ್ಟು ಒಳಗೆ ಹೋಗಿತ್ತು.

"ಕಾಲು ಸಿಕ್ತು. ತಲಿ ಎಲ್ಲಿರತೈತ್ರಿ?" ಅವಳು ಕಣ್ಣು ಮುಚ್ಚಿ ತಡಕುತ್ತ ಕೇಳಿದಳು.

ಹೇಳದಿದ್ದರೆ ಎರಡು ಜೀವ ಹೋಗುತ್ತವೆ. ಹೇಳಿದರೆ ಆ ಕೈ ಇನ್ನೂ ಒಳಗೆ ಹೋಗುತ್ತದೆ. ಬೀರಸಿದ್ದಪ್ಪನಿಗೆ ಅಳು ಬಂತು.

"ಎಡಕ್ಕ," ಅಂದ. "ಇನ್ನೂ ಒಳಗ ಹಾಕು."