ಓಗೊಟ್ಟವಳು ನಾನಲ್ಲ

ಮೊದಲ ಸಲ ಅದು ನನ್ನನ್ನು ಕರೆದದ್ದು ಮಟಮಟ ಮಧ್ಯಾಹ್ನ.

ತಿ. ನರಸೀಪುರದ ಬಸ್ ಸ್ಟ್ಯಾಂಡ್ ಹಿಂದಿನ ನನ್ನ ಟೈಲರಿಂಗ್ ಅಂಗಡಿಯಲ್ಲಿ ಬ್ಲೌಸೊಂದಕ್ಕೆ ತೋಳು ಕೂರಿಸುತ್ತಿದ್ದೆ. ಬೆನ್ನ ಹಿಂದೆ ಯಾರೋ "ರತ್ನಾ" ಎಂದರು. ನಾನು ತಿರುಗಲಿಲ್ಲ. ತಗಡೂರಿನ ನಮ್ಮಜ್ಜಿ ನಮ್ಮನ್ನೆಲ್ಲ ಬೆಳೆಸಿದ್ದೇ ಹಾಗೆ. ಮೂರು ಸಲ ಕರೆಯುವವರೆಗೆ ಓಗೊಡಬಾರದು. ಮನುಷ್ಯರಾದರೆ ಮೂರನೇ ಸಲವೂ ಕರೆಯುತ್ತಾರೆ, ಅದಾದರೆ ಎರಡಕ್ಕೇ ನಿಲ್ಲಿಸುತ್ತದೆ; ಓಗೊಟ್ಟವರನ್ನು ಕರೆದುಕೊಂಡು ಹೋಗುತ್ತದೆ. 'ಅದು' ಎಂದರೆ ಯಾವುದೆಂದು ಅಜ್ಜಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ಪೋಸ್ಟ್‌ಮ್ಯಾನ್ ಕೂಡ ನಮ್ಮ ಬಾಗಿಲಲ್ಲಿ ಮೂರು ಸಲ ಕೂಗಿ ಗಂಟಲು ಒಣಗಿಸಿಕೊಳ್ಳುತ್ತಿದ್ದ.

ಅದು ಎರಡಕ್ಕೇ ನಿಲ್ಲಿಸಿತು.

ಆಗ ನನಗೆ ಮುಟ್ಟು ತಿಂಗಳಲ್ಲಿ ಅರ್ಧ ತಿಂಗಳು ಹೋಗುತ್ತಿತ್ತು. ನಿಲ್ಲುವ ವಯಸ್ಸು, ಹೀಗೇ ಇರುತ್ತದೆ ಎಂದು ಎಲ್ಲರೂ ಹೇಳಿದರು. ನಂಬಿದೆ. ಮೆಟ್ಟಿಲು ಹತ್ತಿದರೆ ಏದುಸಿರು. ಕಿವಿಯಲ್ಲಿ ಗುಂಯ್. ಆ ಗುಂಯ್ ಒಳಗಿಂದ ದಿನಾ ಮಧ್ಯಾಹ್ನ ಅದೇ ಕರೆ. ಕೊನೆಗೊಂದು ದಿನ ಮೆಷಿನ್ ಮೇಲೆಯೇ ಒರಗಿಬಿಟ್ಟೆ. ತಂಗಿ ಶಾಂತ ನಂಜನಗೂಡಿನ ಆಸ್ಪತ್ರೆಗೆ ಸೇರಿಸಿದಳು.

"ಹಿಮೋಗ್ಲೋಬಿನ್ ನಾಲ್ಕು." ಡಾಕ್ಟರ್ ರಿಪೋರ್ಟನ್ನು ನೋಡಿ ನನ್ನ ಮುಖ ನೋಡಿದರು. "ಗರ್ಭಕೋಶದಲ್ಲಿ ಗೆಡ್ಡೆ ಇದೆ. ಮೊದಲು ಬ್ಲಡ್ ಕೊಡ್ಬೇಕು, ಆಮೇಲೆ ಆಪರೇಷನ್. ಇದ್ರಲ್ಲಿ ಓಡಾಡ್ತಿದ್ರಾ ನೀವು?"

ಓಡಾಡುವುದೇನು, ಹಬ್ಬದ ಆರ್ಡರ್ ಕೂಡ ಹಿಡಿದಿದ್ದೆ.

ಆಸ್ಪತ್ರೆಗೂ ಅದು ಬಂತು.

ಹೆಂಗಸರ ವಾರ್ಡು. ಮಧ್ಯಾಹ್ನದ ಊಟವಾಗಿ ಎಲ್ಲರೂ ಮಲಗಿ, ಫ್ಯಾನಿನ ಸದ್ದು ಮಾತ್ರ ಉಳಿಯುವ ಹೊತ್ತು. ಈಗ ದನಿಯ ಗುರುತು ಹತ್ತಿತು. ತೀರಿಕೊಂಡ ನಮ್ಮವ್ವನದು. ನನ್ನ ಹೆಸರನ್ನು ಹಾಗೆ ಎಳೆದು ಕರೆಯುತ್ತಿದ್ದವಳು ಅವಳೊಬ್ಬಳೇ. ಹೆದರಿಕೆಗಿಂತ ಹೆಚ್ಚಾಗಿ ನನಗೆ ಓ ಎನ್ನಬೇಕು ಎನಿಸುತ್ತಿತ್ತು. ಹಾಗೆನಿಸುತ್ತಿದೆಯಲ್ಲ ಎಂದೇ ಹೆದರಿಕೆಯಾಗುತ್ತಿತ್ತು. ತುಟಿ ಕಚ್ಚಿಕೊಂಡು ಮಲಗಿದ್ದೆ.

ಆಗ ವಾರ್ಡಿಗೆ ಹೊಸದಾಗಿ ಬಂದಿದ್ದ ಸಿಸ್ಟರ್ ರೇಖಾ ಬ್ಲಡ್ ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತು, "ರತ್ನಮ್ಮಾ" ಎಂದು ಕರೆದಳು. ಕೇಳಿಸಿತು. ಆದರೆ ಯಾವ ದನಿ ಯಾರದ್ದು ಎಂದು ಬೇರೆ ಮಾಡುವ ಶಕ್ತಿ ನನ್ನ ತಲೆಗೆ ಇರಲಿಲ್ಲ. ಸುಮ್ಮನಿದ್ದೆ. "ರತ್ನಮ್ಮಾ." ಎರಡಾಯಿತು. ಮೂರನೆಯದಕ್ಕೆ ಕಾಯುತ್ತಿದ್ದೆ.

"ಓ" ಎಂದಿತು ಪಕ್ಕದ ಹಾಸಿಗೆ.

ಅಲ್ಲಿದ್ದವಳು ಹೃದಯದ ತೊಂದರೆಗೆ ಸೇರಿದ್ದ ಮುದುಕಿ, ಮೂಗೂರಿನ ನಾಗವ್ವ. ರೇಖಾ ನೇರ ಅವಳ ಬಳಿ ಹೋದಳು. ನನಗೆಂದು ತಂದ ರಕ್ತ ಅವಳ ಸ್ಟ್ಯಾಂಡಿಗೆ ಏರಿತು. ಟ್ಯೂಬು ಅವಳ ಕೈಯ ಸೂಜಿಗೆ ಸೇರಿತು. ನಾನು ನೋಡುತ್ತಲೇ ಇದ್ದೆ. ಅದು ನನ್ನದು ಎನ್ನಬೇಕು, ಈಗಲೇ ಎನ್ನಬೇಕು. ಆದರೆ ಮೂರನೇ ಕರೆ ಬಂದಿರಲಿಲ್ಲ. ಬಾಯಿ ಬಿಡಲಾಗಲಿಲ್ಲ.

ಟ್ಯೂಬಿನಲ್ಲಿ ರಕ್ತ ತಡೆದಿಡುವ ಕ್ಲಾಂಪನ್ನು ರೇಖಾ ತೆರೆಯಲಿಲ್ಲ. ಎಷ್ಟೇ ಅವಸರವಿದ್ದರೂ ಇನ್ನೊಬ್ಬ ನರ್ಸ್ ಬಂದು ನೋಡದೆ ಆ ವಾರ್ಡಿನಲ್ಲಿ ಯಾರೂ ರಕ್ತ ಹರಿಸುವಂತಿಲ್ಲ. ಇನ್‌ಚಾರ್ಜ್ ಲಲಿತಾ ಸಿಸ್ಟರ್ ಬಂದರು. ಮುದುಕಿಯ ಕೈ ಹಿಡಿದು, "ಅಜ್ಜಿ, ನಿಮ್ಮ ಹೆಸ್ರು ನೀವೇ ಹೇಳಿ" ಎಂದರು.

"ನಾಗವ್ವ ಕಣವ್ವ."

ಲಲಿತಾ ಕೈಪಟ್ಟಿಯ ಮೇಲಿನ ಹೆಸರು ಓದಿದರು. ಟ್ಯೂಬು ಬಿಡಿಸಿದರು. ರೇಖಾಳ ಮುಖ ನನ್ನದಕ್ಕಿಂತ ಬಿಳಿಚಿಕೊಂಡಿತ್ತು.

"ಮತ್ತೆ ಓ ಅಂದಿದ್ದು ಯಾಕಜ್ಜಿ?" ಎಂದಳು ರೇಖಾ.

"ಕರೀತಾನೇ ಅವ್ರೆ, ಇವ್ಳು ಓಗೊಡ್ನಿಲ್ಲ. ಕರ್ದೋರ್ನ ಸುಮ್ನೆ ಕಳಿಸ್ಬಾರ್ದು ಅಂತ ನಾನೇ ಓ ಅಂದಿ." ಆಮೇಲೆ ನಾಗವ್ವ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಈ ಸಿಸ್ಟರ್‌ಗಲ್ಲ ಕಣವ್ವ. ಆವಾಗ್ಲಿಂದ್ಲೂ ನಿನ್ನ ಕರೀತಿತ್ತಲ್ಲ ಒಂದು ಎಂಗ್ಸು, ಅವ್ಳಿಗೆ."

ಆ ದನಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಡ್ಯೂಟಿ ಬದಲಾಗುವ ಸಮಯ. ನರ್ಸ್‌ಗಳೆಲ್ಲ ನಮ್ಮ ಹಾಸಿಗೆಗಳ ಬಳಿ ನಿಂತರು. ಇವತ್ತು ಈ ಹುಡುಗಿಗೆ ಮಂಗಳಾರತಿ ಗ್ಯಾರಂಟಿ ಎಂದುಕೊಂಡೆ. ರೇಖಾ ತಾನೇ ಬಾಯಿಬಿಟ್ಟಳು. "ಓ ಅಂದಿದ್ದು ಕೇಳಿ ಹೋದೆ. ಕೈಪಟ್ಟಿ ನೋಡ್ಲಿಲ್ಲ." ಯಾರೂ ಗದರಲಿಲ್ಲ. "ನೀನು ಹೇಳಿದ್ದು ಒಳ್ಳೇದಾಯ್ತು," ಎಂದರು ಲಲಿತಾ, "ಬಚ್ಚಿಟ್ಟಿದ್ರೆ ನಾಳೆ ಇದೇ ತಪ್ಪು ನನ್ನ ಕೈಲಿ ಆಗ್ತಿತ್ತು." ನನ್ನನ್ನೂ ಕೇಳಿದರು, ಯಾಕೆ ಓಗೊಡಲಿಲ್ಲ ಎಂದು. ಅಜ್ಜಿಯ ಮಾತು ಹೇಳಿದೆ. ನಗುತ್ತಾರೇನೋ ಎಂದುಕೊಂಡರೆ ಒಬ್ಬಳು, "ನಮ್ಮನೇಲೂ ಅಂಗೇ" ಎಂದಳು. ಅಲ್ಲೇ ತೀರ್ಮಾನವಾಯಿತು: ಇನ್ನು ಬಾಗಿಲಿಂದ ಯಾರನ್ನೂ ಕೂಗುವುದು ಬೇಡ, ಹತ್ತಿರ ಬಂದು ಕೈಮುಟ್ಟಿ ಹೆಸರು ಕೇಳುವುದು. ಅಷ್ಟರಲ್ಲಿ ಯಾರೋ ರೇಖಾಳ ಕೈಗೆ ಟೀ ಲೋಟ ಕೊಟ್ಟರು.

ಆ ಬ್ಯಾಗನ್ನು ವಾಪಸ್ ಕಳಿಸಿ ಬೇರೆ ತರಿಸಿದರು. "ನೀನೇ ಹಾಕು, ನಾನು ಪಕ್ಕದಲ್ಲೇ ಇರ್ತೀನಿ" ಎಂದರು ಲಲಿತಾ.

ರೇಖಾ ನನ್ನ ಕೈ ಹಿಡಿದಳು. ಕೈಪಟ್ಟಿಯನ್ನು ಎರಡೆರಡು ಸಲ ಓದಿದಳು. "ನಿಮ್ಮ ಹೆಸ್ರು ಹೇಳಿ ಅಮ್ಮ." ಹೇಳಿದರೆ, ಕರೆಯುತ್ತಿದ್ದದ್ದಕ್ಕೆ ನಾನು ಎಲ್ಲಿದ್ದೇನೆಂದು ತಿಳಿದುಬಿಡುತ್ತದೆ ಎನಿಸಿತು. ಆದರೆ ಆ ಹುಡುಗಿ ನನಗಿಂತ ಹೆದರಿದ್ದಳು.

"ರತ್ನಮ್ಮ," ಎಂದೆ. "ನಾನೇ ರತ್ನಮ್ಮ."

ರಕ್ತ ತಣ್ಣಗೆ ತೋಳಿನೊಳಗೆ ಹೋಯಿತು. ಆಮೇಲೆ ಆ ದನಿ ಕೇಳಿಸಲಿಲ್ಲ.

ಮರುದಿನ ಮಧ್ಯಾಹ್ನ ನಾಗವ್ವ ತೀರಿಕೊಂಡಳು.

ನಿದ್ದೆಯಲ್ಲೇ. ಫ್ಯಾನ್ ಮಾತ್ರ ತಿರುಗುವ ಅದೇ ಹೊತ್ತಿನಲ್ಲಿ. ರೇಖಾ ನೆಲದ ಮೇಲೆ ಕುಳಿತುಬಿಟ್ಟಳು. ಲಲಿತಾ ಸಿಸ್ಟರ್ ತಾವೂ ಅವಳ ಪಕ್ಕ ನೆಲದಲ್ಲೇ ಕುಳಿತರು. ಡಾಕ್ಟರನ್ನು ಕರೆಸಿ ಅವರ ಬಾಯಿಂದಲೇ ಹೇಳಿಸಿದರು: ಒಂದು ಹನಿ ರಕ್ತವೂ ಒಳಗೆ ಹೋಗಿಲ್ಲ, ಹೃದಯ ಮೊದಲೇ ಸೋತಿತ್ತು. ರೇಖಾಳ ಕೆಲಸವನ್ನು ಉಳಿದವರು ಹಂಚಿಕೊಂಡರು. ಆದರೂ ನಾಗವ್ವನ ಮುಖ ಒರೆಸಿ ತಲೆ ಬಾಚಿದವಳು ಅವಳೇ.

ಈಗ ಆಪರೇಷನ್ ಆಗಿದೆ, ನಿಧಾನವಾಗಿ ಮೆಟ್ಟಿಲು ಹತ್ತುತ್ತೇನೆ. ರಕ್ತ ಕಡಿಮೆಯಾದಾಗ ಕಿವಿಯಲ್ಲಿ ಏನೇನೋ ಕೇಳಿಸುವುದುಂಟು ಎಂದರು ಡಾಕ್ಟರ್. ನಂಬುತ್ತೇನೆ. ಎರಡನೆಯವರು ಬರುವ ತನಕ ಕ್ಲಾಂಪ್ ಮುಟ್ಟದ ಆ ಕಟ್ಟುಪಾಡಿಗೂ, ತಪ್ಪಿದವಳನ್ನು ಒಂಟಿ ಬಿಡದ ಆ ಹೆಂಗಸರಿಗೂ ಕೈಮುಗಿಯುತ್ತೇನೆ. ಆದರೆ ನಾಗವ್ವನ ಮೈಯಲ್ಲಿ ರಕ್ತ ಸರಿಯಾಗೇ ಇತ್ತಲ್ಲ.

ಅವಳು ಹೋದ ದಿನ ಮಗಳು ಬಂದು ಬಟ್ಟೆಬರೆ ಗಂಟು ಕಟ್ಟುತ್ತಿದ್ದಳು. "ನಮ್ಮವ್ವ ಕೊನೇಲಿ ಏನಾರ ಅಂದ್ಲಾ ಅಕ್ಕ?"

"ಯಾರೋ ಕರೆದ್ರು. ಓಗೊಟ್ಳು."

"ಯಾರ್ನ ಕರೆದ್ರು?"

ಸುಳ್ಳು ಹೇಳಬಹುದಿತ್ತು.

"ನನ್ನ," ಎಂದೆ.

ಅವಳು ಗಂಟು ಬಿಚ್ಚಿ, ಅವ್ವನ ಕಂಬಳಿ ತೆಗೆದು ನನ್ನ ಕಾಲಿಗೆ ಹೊದಿಸಿದಳು.

"ಅಂಗಾದ್ರೆ ಬದುಕ್ಕೊ ಅಕ್ಕ," ಎಂದಳು.