ಪೆಟ್ಟಿಗೆಯಲ್ಲಿ ಸಿಕ್ಕ ಹಸ್ತಪ್ರತಿ

ತೀರಿಹೋದ ಲೇಖಕರ ಜನಪ್ರಿಯ ಗ್ರಹಯಾನ ಕಾದಂಬರಿಗಳನ್ನು ಅವರದೇ ಹೆಸರಿನಲ್ಲಿ ಮುಂದುವರಿಸುವವರು ಹೇಗಿರುತ್ತಾರೆಂದು ತಿಳಿಯಬೇಕಾದರೆ ಹಲಸೂರಿನ ಬಾಡಿಗೆ ಕೋಣೆಯ ಭೀಮಾಶಂಕರನನ್ನು ನೋಡಬೇಕು. ಹಳೆಯ ಪೆಟ್ಟಿಗೆಯಲ್ಲಿ ಇನ್ನೊಂದು ಹಸ್ತಪ್ರತಿ ಸಿಕ್ಕಿತೆಂದು ಪ್ರಕಾಶಕರು ವರ್ಷಕ್ಕೊಮ್ಮೆ ಸಾರುತ್ತಾರೆ. ಆ ಪೆಟ್ಟಿಗೆ ಇವನೇ. ಲೇಖಕರ ನಾಯಕ ಮಂಗಳಗ್ರಹದಲ್ಲೂ ಕಾಫಿಯನ್ನೇ ಕುಡಿಯುತ್ತಿದ್ದನೆಂದು ಇವನು ಚಹಾ ಬಿಟ್ಟ. ಕೆಳಗಿನ ಹೋಟೆಲಿನಲ್ಲಿ ಆ ನಾಯಕನ ಧಾಟಿಯಲ್ಲೇ “ಒಂದು ಲೋಟ ಕಾಫಿ ದಯಪಾಲಿಸಿ” ಎನ್ನುತ್ತಾನೆ. “ಏನ್ ಗುರು, ನಾಟಕದ್ ಕಂಪನೀಲಿದ್ದೀಯಾ?” ಎಂದು ಗಲ್ಲಾದ ನರೇಶ್ ನಗುತ್ತಾನೆ. ಭೀಮಾಶಂಕರ ತಾನು ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಾನೆ. ಲೇಖಕರ ಮೈಸೂರು ಕನ್ನಡದ ನಡುವೆ ತನ್ನೂರು ಸೇಡಂನ ಒಂದು ಮಾತು ನುಸುಳಿದ್ದರೂ ಇಡೀ ಹಾಳೆಯನ್ನು ಹರಿದುಹಾಕುತ್ತಾನೆ. ಹತ್ತು ವರ್ಷವಾಯಿತು, ಯಾವ ಓದುಗನಿಗೂ ಅನುಮಾನ ಬಂದಿಲ್ಲ. ಅದೇ ಅವನ ಹೆಮ್ಮೆ. ಮೊನ್ನೆ ಮೂರು ವರ್ಷದ ಮಗಳು ಜ್ವರದಿಂದ ಕಾಯುತ್ತಿದ್ದರೂ ಔಷಧಿ ಉಗುಳಿದಾಗ ಹೆಂಡತಿ ಶಾಂಭವಿ ಅಳುವಂತಾದಳು: “ಒಂದ್ ಕಥಿ ಹೇಳ್ರಿ, ಕುಡೀತಾಳ. ಆ ಸತ್ತವರದ್ ಬ್ಯಾಡ, ಸಣ್ಣವರಿದ್ದಾಗ ನೀವು ಕೇಳಿದ್ದು.” ಅವನು ಮಗಳನ್ನು ತೊಡೆಗೆಳೆದುಕೊಂಡು “ಒಂದೂರಾಗ...” ಎಂದ. ಮುಂದಿನ ಮಾತು ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ, “ಇತ್ತ ನಮ್ಮ ನೌಕೆಯು ಶನಿಗ್ರಹದ ಉಂಗುರಗಳನ್ನು ಸಮೀಪಿಸುತ್ತಿತ್ತು” ಎಂದು ಶುರುಮಾಡಿದ. ಮಗಳು ಔಷಧಿಯನ್ನು ಗುಟುಕ್ಕನೆ ನುಂಗಿ ಕೇಳಿದಳು: “ಮುಂದ?”